ಅನ್ನ, ಶಾಲೆ, ಸೂರು: ಸಂವಿಧಾನದ ಮಾತನ್ನು ವಸೂಲು ಮಾಡುವುದು ಹೇಗೆ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಸಂಕಟದ ಸುತ್ತ ಇವೆ. ಊಟ, ಓದು, ಔಷಧಿ, ಸೂರು ಇವೆಲ್ಲ ಹಕ್ಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಕೌಂಟರಿನ ಮುಂದೆ ನಿಂತಾಗ ಅದು ಯಾರದೋ ದಯೆಯಂತೆ ಕಾಣುತ್ತದೆ. ಆಯ್ದ ಕೆಲವು ಕಾಗದಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಅಕ್ಕಾವ್ರಿಗೆ ನಮಸ್ಕಾರ. ನಮ್ಮವ್ವಗ ಎಪ್ಪತ್ತು ದಾಟ್ಯಾವ. ಹೊಲದಾಗ ಕೂಲಿ ಮಾಡಿ ಮಾಡಿ ಬೆರಳಿನ ಗೆರಿ ಸವದು ಹೋಗ್ಯಾವ್ರೀ. ನ್ಯಾಯಬೆಲೆ ಅಂಗಡ್ಯಾಗ ಮಷೀನು ಆಕಿ ಹೆಬ್ಬಟ್ಟು ತಗೊಳಂಗಿಲ್ಲ. 'ಮುಂದಿನ ತಿಂಗಳು ಬಾ' ಅಂತ ಕಳಸ್ತಾರ. ಎರಡು ತಿಂಗಳ ಅಕ್ಕಿ ಹೋತು. ಯಾರನ್ನ ಕೇಳೂದು? ಕೋರ್ಟಿಗೆ ಹೋಗೂವಷ್ಟು ಶಕ್ತಿ ನಮಗಿಲ್ಲ.
– ಓದುಗರು, ದೇವದುರ್ಗ ತಾಲ್ಲೂಕು

ತಮ್ಮಾ, ಸದ್ಯಕ್ಕೆ ಕೋರ್ಟು ಬೇಡ. ನಿಮ್ಮ ತಾಯಿಗೆ ಬರಬೇಕಾದ ಅಕ್ಕಿ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಬರೆದಿಟ್ಟ ಅಕ್ಕಿ. ಆದ್ಯತಾ ಕುಟುಂಬವಾದರೆ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕಾರ್ಡಾದರೆ ಮನೆಗೆ 35 ಕಿಲೋ. ಅಂಗಡಿಯವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ವಸ್ತು ಅದಲ್ಲ.

ಹೆಬ್ಬೆಟ್ಟಿನ ವಿಷಯಕ್ಕೆ ಬರೋಣ. ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಮೊದಲು ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣದ 2018ರ ತೀರ್ಪು ಪಡಿತರಕ್ಕೆ ಆಧಾರ್ ಬಳಸುವುದನ್ನು ಒಪ್ಪಿಕೊಂಡಿತು ನಿಜ. ಆದರೆ ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದು, ಗುರುತು ಹಿಡಿಯಲು ಬೇರೆ ದಾರಿ ಇರಲೇಬೇಕು ಎಂದೂ ಅದೇ ತೀರ್ಪು ಹೇಳಿದೆ. ಕೂಲಿಯಲ್ಲಿ ಸವೆದ ಬೆರಳು ದುಡಿಮೆಯ ಗುರುತು. ಅದನ್ನೇ ಅನ್ನ ತಪ್ಪಿಸಲು ನೆಪ ಮಾಡಿಕೊಳ್ಳುವುದನ್ನು ಯಾವ ಕಾನೂನೂ ಒಪ್ಪುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಒಂದು ಬಿಳಿ ಹಾಳೆಯಲ್ಲಿ ಕಾರ್ಡಿನ ಸಂಖ್ಯೆ, ಅಂಗಡಿಯ ಸಂಖ್ಯೆ, ಅಂಗಡಿಗೆ ಹೋದ ದಿನಾಂಕಗಳು, ಅಲ್ಲಿ ಹೇಳಿದ ಮಾತು, ಇವನ್ನು ಬರೆಯಿರಿ. 'ಬೆರಳಚ್ಚು ಬೀಳುತ್ತಿಲ್ಲವಾದ್ದರಿಂದ ಬೇರೆ ವಿಧಾನದಲ್ಲಿ ಪಡಿತರ ಕೊಡಬೇಕು, ತಪ್ಪಿದ ಎರಡು ತಿಂಗಳದ್ದನ್ನೂ ಕೊಡಬೇಕು' ಎಂದು ಕೇಳಿ. ತಾಲ್ಲೂಕು ಕಚೇರಿಯ ಆಹಾರ ಶಿರಸ್ತೇದಾರರಿಗೆ ಬರೆದು, ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಆ ಮೊಹರಿಲ್ಲದೆ ಮನೆಗೆ ಬರಬೇಡಿ. ಬಾಯಿಮಾತಿನ ದೂರಿಗೆ ಬಾಯಿಮಾತಿನ ಉತ್ತರವೇ ಸಿಗುವುದು.

ಅಲ್ಲಿ ಕೆಲಸ ಆಗದಿದ್ದರೆ, ಇದೇ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು. ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಧಾನ್ಯ ಕೊಡದೆ ಹೋದ ತಿಂಗಳಿಗೆ ಸರ್ಕಾರ ಹಣದ ರೂಪದಲ್ಲಿ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 8ನೆಯ ಸೆಕ್ಷನ್ ಹೇಳುತ್ತದೆ. ಜಿಲ್ಲಾ ಅಧಿಕಾರಿ ಸೂಚಿಸಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರರಿಗೆ 5,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಅರ್ಜಿಯಲ್ಲಿ ಈ ಎರಡು ಮಾತನ್ನು ನಮೂದಿಸಿ. ಅರ್ಜಿದಾರನಿಗೆ ಕಾಯ್ದೆ ಗೊತ್ತಿದೆ ಎಂದು ತಿಳಿದ ಕಚೇರಿ ಅರ್ಜಿಯನ್ನು ಬೇರೆ ರೀತಿ ಓದುತ್ತದೆ.

ಈ ಕಾಯ್ದೆ ಎಲ್ಲಿಂದ ಬಂತು ಎನ್ನುವುದನ್ನೂ ನೀವು ತಿಳಿದಿರಬೇಕು. ಇದು ಯಾರೋ ಮನಸ್ಸು ಕರಗಿ ಕೊಟ್ಟದ್ದಲ್ಲ. 2001ರಲ್ಲಿ ರಾಜಸ್ಥಾನ ಬರದಲ್ಲಿತ್ತು. ಜನ ಹಸಿದಿದ್ದರು, ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿತ್ತು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿನ ಮುಂದೆ ನೇರವಾದ ಪ್ರಶ್ನೆ ಇಟ್ಟಿತು: ಬದುಕುವ ಹಕ್ಕು ಇದೆ ಎನ್ನುವ ದೇಶದಲ್ಲಿ ತುಂಬಿದ ಗೋದಾಮಿನ ಪಕ್ಕ ಜನ ಹಸಿವಿನಿಂದ ಸಾಯಬಹುದೇ? ಅದೇ ವರ್ಷ ನವೆಂಬರ್ 28ರಂದು ಬಂದ ಮಧ್ಯಂತರ ಆದೇಶ ಈ ದೇಶದ ಬಡವರ ಪಾಲಿಗೆ ಬಂದ ಅತಿ ದೊಡ್ಡ ಆದೇಶಗಳಲ್ಲಿ ಒಂದು ಎಂದೇ ನಾನು ಎಣಿಸುತ್ತೇನೆ. ನ್ಯಾಯಾಲಯ ಹೊಸ ಯೋಜನೆ ಕಲ್ಪಿಸಲಿಲ್ಲ. ಪಡಿತರ, ಅಂತ್ಯೋದಯ, ಅಂಗನವಾಡಿ, ಶಾಲೆಯ ಊಟ ಮುಂತಾಗಿ ಸರ್ಕಾರವೇ ಘೋಷಿಸಿದ್ದ ಯೋಜನೆಗಳನ್ನು ಎತ್ತಿಕೊಂಡು, ಇನ್ನು ಮುಂದೆ ಇವು ಜನರ ಹಕ್ಕು, ನಮ್ಮ ಅನುಮತಿಯಿಲ್ಲದೆ ಕಡಿಮೆ ಮಾಡುವಂತಿಲ್ಲ ಎಂದಿತು. ಶಾಲೆಯ ಮಕ್ಕಳಿಗೆ ಒಣ ಧಾನ್ಯದ ಬದಲು ಬೇಯಿಸಿದ ಊಟ, ಅದರಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ ಎಂದು ಲೆಕ್ಕ ಸಹಿತ ಬರೆಯಿತು. ಬರೆದು ಸುಮ್ಮನಾಗಲಿಲ್ಲ, ಆದೇಶ ಜಾರಿಯಾಗುತ್ತಿದೆಯೇ ಎಂದು ನೋಡಿ ವರದಿ ಕೊಡಲು ಆಯುಕ್ತರನ್ನು ನೇಮಿಸಿತು. ಎನ್.ಸಿ. ಸಕ್ಸೇನಾ ವರ್ಷಗಟ್ಟಲೆ ಆ ಕೆಲಸ ಮಾಡಿದರು. ನಮ್ಮಲ್ಲಿ 2002ರಲ್ಲಿ ನಿಮ್ಮ ರಾಯಚೂರೂ ಸೇರಿದ ಈಶಾನ್ಯ ಜಿಲ್ಲೆಗಳಲ್ಲಿ ಶಾಲಾ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಶುರುವಾಗಿದ್ದರ ಹಿಂದೆ ಈ ಆದೇಶದ ಒತ್ತಡ ಇದೆ. 2013ರ ಕಾಯ್ದೆಯೂ ಇದೇ ಮೊಕದ್ದಮೆಯ ಫಲ.

ನಿಮ್ಮವ್ವನ ಅರ್ಜಿಯ ಒಂದು ಪ್ರತಿ ನನಗೂ ಕಳಿಸಿ.

ಮೇಡಂ, ನಾನು ಎಲ್‌ಎಲ್‌ಬಿ ಎರಡನೇ ವರ್ಷದ ವಿದ್ಯಾರ್ಥಿ. ನಿರ್ದೇಶಕ ತತ್ವಗಳನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ ಎಂದು 37ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಪೌಷ್ಟಿಕತೆ, ಉದ್ಯೋಗ, ಆರೋಗ್ಯ ಎಲ್ಲ ಇರುವುದು ಅಲ್ಲೇ. ಹಾಗಿದ್ದೂ ನ್ಯಾಯಾಲಯ ಇವುಗಳನ್ನು ಹಕ್ಕು ಎನ್ನುವುದು ಸಂವಿಧಾನವನ್ನು ಹಿಂಬಾಗಿಲಿನಿಂದ ತಿದ್ದಿದಂತೆ ಅಲ್ಲವೇ?
– ಕಾನೂನು ವಿದ್ಯಾರ್ಥಿ, ಮೈಸೂರು

ಒಳ್ಳೆಯ ಪ್ರಶ್ನೆ, ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ. 37ನೆಯ ವಿಧಿಯ ಅರ್ಧವನ್ನಷ್ಟೇ ನೀವು ಬರೆದಿದ್ದೀರಿ. ಈ ತತ್ವಗಳು ದೇಶದ ಆಡಳಿತಕ್ಕೆ ಮೂಲಭೂತವಾದವು, ಕಾನೂನು ಮಾಡುವಾಗ ಇವುಗಳನ್ನು ಅನ್ವಯಿಸುವುದು ಪ್ರಭುತ್ವದ ಕರ್ತವ್ಯ ಎಂದು ಉಳಿದರ್ಧ ಹೇಳುತ್ತದೆ.

ನ್ಯಾಯಾಲಯದಲ್ಲಿ ಕೇಳಬಹುದಾದವು, ಕೇಳಲಾಗದವು ಎಂದು ಹಕ್ಕುಗಳನ್ನು ಹೀಗೆ ಎರಡು ಪಾಲು ಮಾಡುವ ಯೋಚನೆಯನ್ನು ಮುಂದಿಟ್ಟವರಲ್ಲಿ ಪ್ರಮುಖರು ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರಿನ ಬೆನಗಲ್ ನರಸಿಂಗ ರಾವ್. ಮಾದರಿ 1937ರ ಐರ್ಲೆಂಡ್ ಸಂವಿಧಾನ. ಹೊಸದಾಗಿ ಸ್ವತಂತ್ರವಾದ ಬಡದೇಶದ ಖಜಾನೆ ನೋಡಿಕೊಂಡು ಮಾಡಿದ ಏರ್ಪಾಡು ಅದು. ಸಭೆಯಲ್ಲಿ ಎಲ್ಲರೂ ಒಪ್ಪಿರಲಿಲ್ಲ. ಹಣವಿದ್ದಾಗ ಬ್ಯಾಂಕು ಪಾವತಿಸುವ ಚೆಕ್ಕಿನಂತಾಯಿತು ಇದು ಎಂದು ಕೆ.ಟಿ. ಶಾ ಆಕ್ಷೇಪಿಸಿದರು. ಅಂಬೇಡ್ಕರ್ ಬೇರೆ ಕಡೆಯಿಂದ ನೋಡಿದರು: ಅಧಿಕಾರಕ್ಕೆ ಬಂದವರು ಇವಕ್ಕೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಿಲ್ಲದಿರಬಹುದು, ಚುನಾವಣೆಯಲ್ಲಿ ಮತದಾರರ ಮುಂದೆ ಹೇಳಲೇಬೇಕು ಎಂಬುದು ಅವರ ವಾದ.

ಮೊದಲ ವರ್ಷಗಳಲ್ಲಿ ನ್ಯಾಯಾಲಯ ನೀವು ಓದಿದ ಹಾಗೆಯೇ ಓದಿತು. 1951ರ ಚಂಪಕಂ ದೊರೈರಾಜನ್ ತೀರ್ಪಿನಲ್ಲಿ ನಿರ್ದೇಶಕ ತತ್ವಗಳು ಮೂಲಭೂತ ಹಕ್ಕುಗಳ ಕೆಳಗೇ ನಡೆಯಬೇಕು ಎಂದಿತು. ಬದಲಾವಣೆ ಬಂದದ್ದು ಎರಡು ದೊಡ್ಡ ಮೊಕದ್ದಮೆಗಳಿಂದ, ಎರಡಕ್ಕೂ ಕನ್ನಡದ ನೆಲದ ನಂಟಿದೆ. 1973ರದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳದ್ದು, 1980ರದ್ದು ಬೆಂಗಳೂರಿನ ಮಿನರ್ವ ಮಿಲ್ಲಿನದ್ದು. ಹಕ್ಕುಗಳ ಭಾಗ ಮತ್ತು ನಿರ್ದೇಶಕ ತತ್ವಗಳ ಭಾಗ ಇವೆರಡರ ಸಮತೋಲವೇ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂದು ಮಿನರ್ವ ತೀರ್ಪು ಹೇಳಿತು.

ಆ ಮೇಲಿನ ಹೆಜ್ಜೆ 21ನೆಯ ವಿಧಿಯದು. ಜೀವಿಸುವ ಹಕ್ಕು ಎಂದರೆ ಉಸಿರಾಡಿಕೊಂಡಿರುವುದಷ್ಟೇ ಅಲ್ಲ, ಸಾಕಷ್ಟು ಆಹಾರ, ಬಟ್ಟೆ, ತಲೆಯ ಮೇಲೆ ಸೂರು ಇರುವ ಮಾನದ ಬದುಕು ಎಂದು 1981ರ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ತೀರ್ಪು ಹೇಳಿತು. ಇದನ್ನು ಹಿಂಬಾಗಿಲು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಸಿದು ಸಾಯುತ್ತಿರುವವನಿಗೆ 'ನಿನ್ನ ಜೀವವನ್ನು ಕಾನೂನಿನ ಕ್ರಮವಿಲ್ಲದೆ ಯಾರೂ ಕಸಿದುಕೊಂಡಿಲ್ಲ' ಎಂದು ಹೇಳಿ ಕಳಿಸುವ ಓದು ಆ ವಿಧಿಯನ್ನೇ ಅರ್ಥಹೀನ ಮಾಡುತ್ತದೆ. ನಿಮ್ಮ ಆತಂಕದಲ್ಲಿ ಒಂದು ನಿಜ ಉಂಟು: ನ್ಯಾಯಾಲಯ ದೊಡ್ಡ ಮಾತು ಹೇಳಿ ಸಣ್ಣ ಪರಿಹಾರ ಕೊಟ್ಟ ಪ್ರಕರಣಗಳು ಬಹಳ. ಕೆಳಗೆ ಬೆಂಗಳೂರು ಪೂರ್ವದಿಂದ ಸೂರಿನ ಬಗ್ಗೆ ಬಂದ ಕಾಗದ ನೋಡಿ.

ನಾವು ಅಫಜಲಪುರದ ಕಡೆಯವರು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದಿದ್ದೇವೆ. ಮಗಳು ಊರಲ್ಲಿ ನಾಲ್ಕನೇ ಕ್ಲಾಸಲ್ಲಿದ್ದಳು. ಇಲ್ಲಿ ಸರ್ಕಾರಿ ಶಾಲೆಯಲ್ಲಿ ಟಿಸಿ ಇಲ್ಲದೆ ಸೇರಿಸಿಕೊಳ್ಳಲ್ಲ, ಅರ್ಧ ವರ್ಷ ಆಗಿಹೋಗಿದೆ ಅಂತಾರೆ. ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗುತ್ತದಾ?
– ತಾಯಿ, ಬೆಂಗಳೂರು

ಮೊದಲ ಪ್ರಶ್ನೆಗೆ ಉತ್ತರ ಖಚಿತ. ಟಿಸಿ ತಡವಾಯಿತು ಎಂದು ಸೇರಿಸಿಕೊಳ್ಳದಿರುವುದು ಕಾನೂನುಬಾಹಿರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ನಿನಲ್ಲಿ ಅದು ನೇರವಾಗಿಯೇ ಇದೆ. ಹುಟ್ಟಿದ ದಿನದ ದಾಖಲೆ ಇಲ್ಲವೆಂದೂ ತಡೆಯುವಂತಿಲ್ಲ, ವರ್ಷದ ನಡುವೆ ಬಂದಳೆಂದೂ ತಡೆಯುವಂತಿಲ್ಲ. ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆ ಸ್ಥಳೀಯ ಪ್ರಾಧಿಕಾರದ್ದು ಎಂದು 9ನೆಯ ಸೆಕ್ಷನ್ ಹೇಳುತ್ತದೆ. ಹೆಡ್‌ಮಾಸ್ತರರಿಗೆ ಅರ್ಜಿ ಬರೆದುಕೊಡಿ. ನಿರಾಕರಿಸಿದರೆ ಹಿಂಬರಹ ಕೇಳಿ. ಅದನ್ನು ಹಿಡಿದು ಬಿಇಒ ಕಚೇರಿಗೆ ಹೋಗಿ. ಲಿಖಿತ ದೂರು ಕೊಟ್ಟರೆ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು, ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಆದರೆ ಹಿಂಬರಹ ಕೊಡಿ ಎಂದ ಕೂಡಲೇ ಮಗುವಿಗೆ ಜಾಗ ಸಿಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಖಾಸಗಿ ಸೀಟಿನ ಆಸೆ ಇಟ್ಟುಕೊಳ್ಳಬೇಡಿ. ಆರ್‌ಟಿಇಯಡಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಬಿಡಬೇಕಾದ ಶೇ 25ರ ಸೀಟು ಸಿಗುವುದು ಶಾಲೆಯ ಪ್ರವೇಶ ಹಂತದ ತರಗತಿಗೆ, ನಾಲ್ಕನೆಯದಕ್ಕಲ್ಲ. ಅಲ್ಲದೆ ಹತ್ತಿರದಲ್ಲೇ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಹೊಣೆ ಇಲ್ಲವೆಂದು ನಮ್ಮ ರಾಜ್ಯ ನಿಯಮ ತಿದ್ದಿತು, 2019ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇದು ನನಗೆ ನೋವು ತಂದ ತೀರ್ಪು. ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಅವಕಾಶ ಅದರಿಂದ ಬಹಳ ಕಿರಿದಾಯಿತು.

ಇದು ಕರ್ನಾಟಕದಲ್ಲಿ ನಡೆದದ್ದು ಇನ್ನೂ ಹೆಚ್ಚು ನೋವಿನ ಸಂಗತಿ. ಏಕೆಂದರೆ ಶಿಕ್ಷಣ ಮೂಲಭೂತ ಹಕ್ಕು ಎಂಬ ತೀರ್ಪು ಮೊದಲು ಬಂದದ್ದೇ ನಮ್ಮ ಸರ್ಕಾರದ ವಿರುದ್ಧದ ಮೊಕದ್ದಮೆಯಲ್ಲಿ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದಾಗ ಹೊರರಾಜ್ಯದವರು 60,000 ಕೊಡಬೇಕಿತ್ತು. ಮೀರತ್ತಿನ ವಿದ್ಯಾರ್ಥಿನಿ ಮೋಹಿನಿ ಜೈನ್ ಪ್ರಶ್ನಿಸಿದರು, 1992ರಲ್ಲಿ ಗೆದ್ದರು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಗಟ್ಟಿ ಮಾಡಿತು. 2002ರ ತಿದ್ದುಪಡಿ ಅದನ್ನು 21ಎ ಎಂದು ಸಂವಿಧಾನದಲ್ಲೇ ಬರೆಯಿತು. ಅಮ್ಮಾ, ನಿಮ್ಮ ಮಗಳ ಶಾಲೆಯ ಹಕ್ಕು ಈಗ ನಿರ್ದೇಶಕ ತತ್ವದಲ್ಲಿಲ್ಲ, ಮೂಲಭೂತ ಹಕ್ಕುಗಳ ಸಾಲಿನಲ್ಲಿದೆ. ಮಗಳನ್ನು ಒಂದು ದಿನವೂ ಹೆಚ್ಚಿಗೆ ಮನೆಯಲ್ಲಿ ಕೂರಿಸಬೇಡಿ.

ಸರ್ಕಾರಿ ಆಸ್ಪತ್ರೆಗೆ ಅಪಘಾತವಾದ ತಮ್ಮನನ್ನು ಕರೆದೊಯ್ದೆವು. ಹಾಸಿಗೆ ಇಲ್ಲ, ಮುಂದಕ್ಕೆ ಹೋಗಿ ಎಂದರು. ಕೊನೆಗೆ ಖಾಸಗಿಯಲ್ಲಿ ಸಾಲ ಮಾಡಿ ಉಳಿಸಿಕೊಂಡೆವು. ಸರ್ಕಾರದ ಬಳಿ ಹಣವೇ ಇಲ್ಲದಿದ್ದರೆ ಕೇಳುವುದು ತಪ್ಪಾಗುತ್ತದೆಯೇ?
– ಓದುಗರು, ಶಿವಮೊಗ್ಗ ಜಿಲ್ಲೆ

ತಪ್ಪಲ್ಲ. ನಿಮ್ಮದೇ ಕಥೆ 1992ರಲ್ಲಿ ಬಂಗಾಳದಲ್ಲಿ ನಡೆದಿತ್ತು. ಕೃಷಿ ಕೂಲಿಕಾರರ ಸಂಘದ ಸದಸ್ಯರೊಬ್ಬರು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಸಾಗಹಾಕಿತು. ಖಾಸಗಿಯಲ್ಲಿ ಸುಮಾರು 17,000 ರೂಪಾಯಿ ಖರ್ಚಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಇದನ್ನು 21ನೆಯ ವಿಧಿಯ ಉಲ್ಲಂಘನೆ ಎಂದು ಸಾರಿ 25,000 ರೂಪಾಯಿ ಪರಿಹಾರ ಕೊಡಿಸಿತು. ಹಣದ ಕೊರತೆ ಹೇಳಿ ಸರ್ಕಾರ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ತುರ್ತು ಚಿಕಿತ್ಸೆ ಕೊಡುವ ಕರ್ತವ್ಯ ಸರ್ಕಾರಿ ವೈದ್ಯರದ್ದು ಮಾತ್ರವಲ್ಲ, ಎಲ್ಲ ವೈದ್ಯರದ್ದು ಎಂದು 1989ರ ಪರಮಾನಂದ ಕಟಾರಾ ತೀರ್ಪೇ ಹೇಳಿತ್ತು. ಹೊರರೋಗಿ ಚೀಟಿ, ಆಂಬುಲೆನ್ಸ್ ವಿವರ, ಖಾಸಗಿ ಆಸ್ಪತ್ರೆಯ ಬಿಲ್ಲು ಇದ್ದರೆ ಹೈಕೋರ್ಟಿನಲ್ಲಿ ಪರಿಹಾರ ಕೇಳಬಹುದು.

ತುರ್ತು ಚಿಕಿತ್ಸೆಗೂ ದೀರ್ಘಕಾಲದ ಚಿಕಿತ್ಸೆಗೂ ವ್ಯತ್ಯಾಸ ಇದೆ. ದಕ್ಷಿಣ ಆಫ್ರಿಕದ 1996ರ ಸಂವಿಧಾನ ಆರೋಗ್ಯ ಸೇವೆಯನ್ನು ನೇರವಾಗಿ ಹಕ್ಕೆಂದೇ ಬರೆದಿದೆ. ಹಾಗಿದ್ದೂ 1997ರಲ್ಲಿ ಡರ್ಬನ್ನಿನ ಮೂತ್ರಪಿಂಡ ರೋಗಿಯೊಬ್ಬರು ಡಯಾಲಿಸಿಸ್ ಕೇಳಿದಾಗ ಅಲ್ಲಿನ ಸಂವಿಧಾನ ನ್ಯಾಯಾಲಯ ಇಲ್ಲವೆಂದಿತು. ಇರುವ ಕೆಲವೇ ಯಂತ್ರಗಳನ್ನು ಯಾರಿಗೆ ಕೊಡಬೇಕೆಂಬ ಆಸ್ಪತ್ರೆಯ ನಿಯಮ ನ್ಯಾಯಯುತವಾಗಿದೆ ಎಂದಿತು. ತೀರ್ಪು ಬಂದ ಸ್ವಲ್ಪ ದಿನಕ್ಕೆ ರೋಗಿ ತೀರಿಕೊಂಡರು. ಓದಿದಾಗಲೆಲ್ಲ ಮನಸ್ಸು ಕಲಕುವ ತೀರ್ಪು ಅದು. ಬಡದೇಶದ ನ್ಯಾಯಾಧೀಶರ ಮುಂದೆ ಬರುವ ಪ್ರಶ್ನೆಗಳು ಎಷ್ಟು ಕಠಿಣವೆಂದು ಅದರಿಂದ ತಿಳಿಯುತ್ತದೆ.

ಖಾಲಿ ಜಾಗದಲ್ಲಿ ಶೆಡ್ ಹಾಕಿಕೊಂಡು ಎಂಟು ವರ್ಷದಿಂದ ಇದ್ದೇವೆ. ವೋಟರ್ ಐಡಿ ಇದೆ. ಮೊನ್ನೆ ಬಂದು ವಾರದಲ್ಲಿ ಖಾಲಿ ಮಾಡಿ ಎಂದು ಬಾಯಲ್ಲಿ ಹೇಳಿ ಹೋದರು. ಸೂರು ನಮ್ಮ ಹಕ್ಕಲ್ಲವೇ?
– ಓದುಗರು, ಬೆಂಗಳೂರು ಪೂರ್ವ

ಹಕ್ಕು ಎಂದು ಹಲವು ತೀರ್ಪುಗಳು ಹೇಳಿವೆ. ಆದರೆ ಹುಸಿ ಭರವಸೆ ಕೊಡಲಾರೆ. ಮುಂಬೈಯ ಪಾದಚಾರಿ ಮಾರ್ಗದಲ್ಲಿ ಬದುಕುತ್ತಿದ್ದವರ ಪರವಾಗಿ ಬಂದ 1985ರ ಓಲ್ಗಾ ಟೆಲ್ಲಿಸ್ ತೀರ್ಪನ್ನು ಎಲ್ಲರೂ ಹೊಗಳುತ್ತಾರೆ, ಜೀವನೋಪಾಯ ಜೀವಿಸುವ ಹಕ್ಕಿನ ಭಾಗ ಎಂದು ಅದು ಸಾರಿತು. ಆದರೆ ಅಷ್ಟು ಹೇಳಿದ ನ್ಯಾಯಾಲಯ ಕೊನೆಗೆ ಆ ಜನರನ್ನು ಮಳೆಗಾಲ ಮುಗಿಯುವವರೆಗೆ ಮಾತ್ರ ಉಳಿಸಿತು. ನೋಟಿಸು, ಅಹವಾಲು ಕೇಳುವುದು, ಕಾನೂನಿನ ಕ್ರಮ, ಇವನ್ನು ನ್ಯಾಯಾಲಯ ಕೊಡಿಸುತ್ತದೆ. ಜಾಗ ಕೊಡಿಸುವುದು ಅಪರೂಪ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕಟ್ಟಡ ಕೆಡವುವ ಮುನ್ನ 15 ದಿನದ ನೋಟಿಸು ಕಡ್ಡಾಯ ಮಾಡಿದಾಗಲೂ ರಸ್ತೆ, ಕಾಲುದಾರಿಯಂಥ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳನ್ನು ಹೊರಗಿಟ್ಟಿತು.

ನೀವು ಕೂಡಲೇ ನೋಡಬೇಕಾದದ್ದು ಜಾಗ ಯಾರದ್ದು ಎಂದು. ಖಾಸಗಿಯವರದ್ದಾದರೆ ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರು ಬಂದು ಎಬ್ಬಿಸುವಂತಿಲ್ಲ. 2020ರ ಜನವರಿಯಲ್ಲಿ ನಿಮ್ಮದೇ ಭಾಗದಲ್ಲಿ ವಲಸೆ ಕಾರ್ಮಿಕರ ಶೆಡ್‌ಗಳನ್ನು ಕೆಡವಿದಾಗ ಹೈಕೋರ್ಟು ತಡೆ ನೀಡಿತ್ತು. ಸರ್ಕಾರಿ ಜಾಗವಾದರೆ 1973ರ ಕೊಳಗೇರಿ ಕಾಯ್ದೆಯಡಿ ಘೋಷಣೆ ಕೋರಿ ಕೊಳಗೇರಿ ಅಭಿವೃದ್ಧಿ ಮಂಡಳಿಗೆ ಎಲ್ಲ ಮನೆಯವರೂ ಸಹಿ ಹಾಕಿ ಅರ್ಜಿ ಕೊಡಿ. ಒಬ್ಬೊಬ್ಬರೇ ಹೋಗಬೇಡಿ. ಎಂಟು ವರ್ಷದ ದಾಖಲೆಗಳನ್ನು ಶೆಡ್ಡಿನಿಂದ ಹೊರಗೆ, ನಂಬಿಕೆಯ ಕಡೆ ಇಡಿ.

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಇಂಥ ತೀರ್ಪುಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಬಂದಿದ್ದೇನೆ. ತೀರ್ಪಿನಿಂದ ಯಾರ ಹೊಟ್ಟೆಯಾದರೂ ತುಂಬಿದೆಯೇ? ಬಜೆಟ್ಟು ಮಾಡಬೇಕಾದವರು ಶಾಸಕರಲ್ಲವೇ?
– ನಿವೃತ್ತ ಮುಖ್ಯೋಪಾಧ್ಯಾಯರು, ಹೊನ್ನಾವರ

ಮೇಷ್ಟ್ರೇ, ಬಜೆಟ್ಟು ಶಾಸಕರೇ ಮಾಡಬೇಕು, ಒಪ್ಪುತ್ತೇನೆ. ಆದರೆ ಮೇಲಿನ ಪ್ರಕರಣಗಳಲ್ಲಿ ಗೆದ್ದವುಗಳನ್ನು ನೋಡಿ. ಹೆಚ್ಚಿನವುಗಳಲ್ಲಿ ನ್ಯಾಯಾಲಯ ಸರ್ಕಾರಕ್ಕೆ ಹೊಸ ಖರ್ಚು ಹಚ್ಚಲಿಲ್ಲ, ಸರ್ಕಾರ ಕೊಟ್ಟ ಮಾತನ್ನು ಉಳಿಸಿಕೊಳ್ಳುವಂತೆ ಮಾಡಿತು. ಯೋಜನೆ, ನಿಯಮ, ಸುತ್ತೋಲೆ ಮೊದಲೇ ಇದ್ದ ಕಡೆ ಈ ಹಕ್ಕುಗಳು ಕೈಗೆ ಸಿಗುತ್ತವೆ. ಏನೂ ಇಲ್ಲದ ಕಡೆ ತೀರ್ಪು ಹೆಚ್ಚಾಗಿ ಉಪದೇಶವಾಗಿ ಉಳಿಯುತ್ತದೆ.

ತೀರ್ಪಿನಿಂದ ಹೊಟ್ಟೆ ತುಂಬಿದೆಯೇ ಎಂಬುದಕ್ಕೆ ದಕ್ಷಿಣ ಆಫ್ರಿಕದ ಎರಡು ಪ್ರಕರಣಗಳನ್ನು ಹೇಳುತ್ತೇನೆ. ಕೇಪ್ ಟೌನ್ ಬಳಿಯ ವಾಲೆಸ್‌ಡೀನಿನ ಐರೀನ್ ಗ್ರೂಟ್‌ಬೂಮ್ ಮತ್ತು ನೆರೆಹೊರೆಯವರು ಸೂರಿಗಾಗಿ ಹೂಡಿದ ಮೊಕದ್ದಮೆಯಲ್ಲಿ 2000ದಲ್ಲಿ ಗೆಲುವಾಯಿತು. ತೀರಾ ದಿಕ್ಕಿಲ್ಲದವರನ್ನು ಮರೆತ ವಸತಿ ಯೋಜನೆ ಸಂವಿಧಾನಕ್ಕೆ ವಿರುದ್ಧ ಎಂಬ ಆ ತೀರ್ಪನ್ನು ಜಗತ್ತಿನ ಕಾನೂನು ಶಾಲೆಗಳಲ್ಲೆಲ್ಲ ಓದುತ್ತಾರೆ. ಆದರೆ ನ್ಯಾಯಾಲಯ ಜಾರಿಯ ಉಸ್ತುವಾರಿಯನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಆ ಹೆಣ್ಣುಮಗಳು 2008ರಲ್ಲಿ ತೀರಿಕೊಂಡಾಗಲೂ ಗುಡಿಸಲಿನಲ್ಲೇ ಇದ್ದರು. ಎರಡನೆಯದು 2002ರದ್ದು. ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡದಂತೆ ತಡೆಯುವ ನೆವಿರಪಿನ್ ಔಷಧಿಯನ್ನು ಸರ್ಕಾರ ಕೆಲವೇ ಆಸ್ಪತ್ರೆಗಳಿಗೆ ಸೀಮಿತ ಮಾಡಿತ್ತು. ನ್ಯಾಯಾಲಯ ಆ ಕಟ್ಟು ತೆಗೆಸಿತು. ಮೊಕದ್ದಮೆ ಹೂಡಿದ್ದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನಿನ ಕಾರ್ಯಕರ್ತರು ಮುಂದೆಯೂ ಬೆನ್ನು ಬಿಡಲಿಲ್ಲ. ಔಷಧಿ ತಾಯಂದಿರನ್ನು ತಲುಪಿತು.

ನಮ್ಮ ಆಹಾರದ ಮೊಕದ್ದಮೆಯಲ್ಲೂ ಹೀಗೆಯೇ. ಆಯುಕ್ತರು ವರದಿ ಕೊಡುತ್ತಿದ್ದರು, ಹಳ್ಳಿಗಳಲ್ಲಿ ಜನ ಲೆಕ್ಕ ಕೇಳುತ್ತಿದ್ದರು. ನಿಮ್ಮ ಶಾಲೆಯ ಮಕ್ಕಳು ಮಧ್ಯಾಹ್ನ ಸಾಲಾಗಿ ಕೂತು ಬಿಸಿಯೂಟ ಮಾಡಿದ್ದನ್ನು ನೀವೇ ಕಂಡಿದ್ದೀರಿ. ನೀವು ಕೇಳಿದ್ದಕ್ಕೆ ಅದೇ ನನ್ನ ಉತ್ತರ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಹೈಕೋರ್ಟು ಮುಟ್ಟುವುದು ಹೇಗೆ? ಕಾಗದ ಬರೆದರೆ ಸಾಕೆನ್ನುತ್ತಾರೆ, ನಿಜವೇ?
– ಓದುಗರು, ಯಾದಗಿರಿ

ಎಂಬತ್ತರ ದಶಕದಿಂದ ನ್ಯಾಯಾಲಯಗಳು ಕಾಗದವನ್ನೇ ಅರ್ಜಿಯಾಗಿ ಸ್ವೀಕರಿಸಿದ ನಿದರ್ಶನಗಳಿವೆ, 1984ರ ಜೀತದಾಳುಗಳ ಪ್ರಕರಣ ಅಂಥದ್ದೇ. ಆದರೆ ಬರುವ ಕಾಗದ ಸಾವಿರಾರು, ದಾಖಲಾಗುವುದು ಕೆಲವೇ. ಅದನ್ನೇ ನಂಬಿ ಕೂರಬೇಡಿ.

ಹೆಚ್ಚು ಭರವಸೆಯ ದಾರಿ ಕಾನೂನು ಸೇವಾ ಸಮಿತಿ. ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ರಿಟ್ ಅರ್ಜಿಗೆ ನೀವು ಬೆಂಗಳೂರಿಗೆ ಬರಬೇಕಿಲ್ಲ, ಯಾದಗಿರಿ ಜಿಲ್ಲೆಗೆ ಹೈಕೋರ್ಟಿನ ಕಲಬುರಗಿ ಪೀಠವೇ ಇದೆ. ಹೋಗುವಾಗ ನೀವು ಕೊಟ್ಟ ಅರ್ಜಿಗಳ ಮೊಹರು ಹಾಕಿದ ಪ್ರತಿ, ಬಂದ ಹಿಂಬರಹ, ಕಾರ್ಡುಗಳ ಜೆರಾಕ್ಸ್ ಒಯ್ಯಿರಿ. ಏನು ಕೇಳಿದಿರಿ, ಯಾರನ್ನು ಕೇಳಿದಿರಿ, ಅವರು ಏನೆಂದರು ಎಂದು ವಕೀಲರು ಮೊದಲು ವಿಚಾರಿಸುತ್ತಾರೆ, ನ್ಯಾಯಾಧೀಶರೂ ಮೊದಲು ಅದನ್ನೇ ಕೇಳುತ್ತಾರೆ.